ಗಡ್ಡಕ್ಕೆ ಗ್ಲಿಟರ್ ಹಚ್ಚಿ ಕುಣಿದವರು

1967ರ ಅಕ್ಟೋಬರ್‌ನಲ್ಲಿ ಪೆಂಟಗನ್ ಎದುರು ತೆಗೆದ ಒಂದು ಫೋಟೊ ನೀವೂ ನೋಡಿರಬಹುದು. ವಿಯೆಟ್ನಾಂ ಯುದ್ಧ ಬೇಡ ಎಂದು ಬಂದವರ ಎದುರು ಸೈನಿಕರು ಬಂದೂಕು ಹಿಡಿದು ನಿಂತಿದ್ದಾರೆ. ಸ್ವೆಟರ್ ಹಾಕಿದ ಹುಡುಗನೊಬ್ಬ ಬಂದೂಕಿನ ನಳಿಗೆಗೆ ಹೂವು ಸಿಕ್ಕಿಸುತ್ತಿದ್ದಾನೆ. ಬರ್ನಿ ಬಾಸ್ಟನ್ ತೆಗೆದ ಆ ಚಿತ್ರದ ಹುಡುಗ ಜಾರ್ಜ್ ಹ್ಯಾರಿಸ್ ಎಂದೇ ಹೆಚ್ಚಿನವರು ಹೇಳುತ್ತಾರೆ. ಆಗ ಅವನಿಗೆ 18 ವರ್ಷ. ಎರಡೇ ವರ್ಷದಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೈಬಿಸ್ಕಸ್ ಆಗಿದ್ದ. ಅಂದರೆ ದಾಸವಾಳ.

ಈ ದಾಸವಾಳ ಕಟ್ಟಿದ ಹಾಡು, ಕುಣಿತ, ನಾಟಕದ ತಂಡವೇ ಕಾಕೆಟ್ಸ್. ನ್ಯೂಯಾರ್ಕಿನ ಹೆಸರಾಂತ ನೃತ್ಯತಂಡ ರಾಕೆಟ್ಸ್‌ನ ಹೆಸರನ್ನು ತುಂಟತನದಿಂದ ತಿರುಚಿ ಇಟ್ಟ ಹೆಸರು. ಡೇವಿಡ್ ವೈಸ್‌ಮನ್ ಮತ್ತು ಬಿಲ್ ವೆಬರ್ 2002ರಲ್ಲಿ ಇದೇ ಹೆಸರಿನ ಸಾಕ್ಷ್ಯಚಿತ್ರ ಮಾಡಿದರು. ಆ ವರ್ಷ ಲಾಸ್ ಏಂಜಲೀಸ್‌ನ ಚಿತ್ರವಿಮರ್ಶಕರ ಸಂಘ ಅದನ್ನೇ ಅತ್ಯುತ್ತಮ ಸಾಕ್ಷ್ಯಚಿತ್ರ ಎಂದು ಆರಿಸಿತು. ಎರಡೂವರೆ ವರ್ಷ ಬಾಳಿದ ಒಂದು ತಂಡದ ಬಗ್ಗೆ ಮೂವತ್ತು ವರ್ಷ ಕಳೆದ ಮೇಲೆ ಯಾಕೆ ಸಿನಿಮಾ? ಅದಕ್ಕೆ ಉತ್ತರ ಬೇಕಿದ್ದರೆ ಹೈಬಿಸ್ಕಸ್ ವಾಸವಿದ್ದ ಮನೆಯಿಂದಲೇ ಶುರು ಮಾಡಬೇಕು.

ಅದು ಹತ್ತಾರು ಜನ ಕೂಡಿ ಬಾಳುತ್ತಿದ್ದ ಮನೆ, ಹೆಸರು ಕಲಿಫ್ಲವರ್. ಹೂಕೋಸಿನ ಇಂಗ್ಲಿಷ್ ಹೆಸರಿಗೆ ನಮ್ಮ ಕಲಿಯುಗವನ್ನು ಬೆರೆಸಿ ಕಟ್ಟಿದ ಪದ. ಕಲಿಯುಗದ ಬೂದಿಯಿಂದ ಅರಳುವ ಹೂ ಎಂಬ ಅರ್ಥ. ಅಲ್ಲಿ ಯಾರಿಗೂ ಸ್ವಂತ ದುಡ್ಡಿಲ್ಲ. ವಾರಕ್ಕೊಮ್ಮೆ ಪತ್ರಿಕೆ ಅಚ್ಚು ಹಾಕಿ ಇಂಥದೇ ಬೇರೆ ಕೂಡುಮನೆಗಳಿಗೆ ಕೈಯಾರೆ ಪುಕ್ಕಟೆ ಹಂಚುತ್ತಿದ್ದರು. ಕಲೆಯನ್ನು ಮಾರಬಾರದು ಎನ್ನುವುದು ಆ ಮನೆಯ ನಂಬಿಕೆ. ಮುಂದೆ ತಂಡ ಒಡೆದದ್ದೂ ಇದೇ ಮಾತಿಗೆ.

1969ರ ಡಿಸೆಂಬರ್ 31ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದ ನಾರ್ತ್ ಬೀಚ್ ಬಡಾವಣೆಯ ಪ್ಯಾಲೇಸ್ ಥಿಯೇಟರಿನಲ್ಲಿ ಅವರ ಮೊದಲ ಕುಣಿತ. ಅಲ್ಲಿ ಮಾಮೂಲಾಗಿ ಓಡುತ್ತಿದ್ದದ್ದು ಚೀನೀ ಸಿನಿಮಾ. ಮಧ್ಯರಾತ್ರಿ ಮಾತ್ರ ಸೆಬಾಸ್ಟಿಯನ್ ಎಂಬವನು ಬೇರೆ ಥರದ ಚಿತ್ರಗಳನ್ನು ಹಾಕುತ್ತಿದ್ದ. ಆ ನಡುವೆ ಇವರು ವೇದಿಕೆ ಹತ್ತಿದರು. ರೋಲಿಂಗ್ ಸ್ಟೋನ್ಸ್ ಹಾಡಿಗೆ ಕಾಲೆತ್ತಿ ಕುಣಿದರು. ಜನ ಹುಚ್ಚೆದ್ದು ಕೂಗಿದರು.

ಅವರ ವೇಷವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೇ ಬಟ್ಟೆ ಅಂಗಡಿಯಿಂದ ತಂದ ಲೇಸಿನ ಗೌನು, ಗರಿ, ಮಣಿ, ತಲೆ ಮೇಲೆ ಹೂವಿನ ರಾಶಿ. ಗೌನು ಹಾಕಿದವನ ಮುಖದಲ್ಲಿ ದಟ್ಟ ಗಡ್ಡ, ಆ ಗಡ್ಡದ ತುಂಬ ಗ್ಲಿಟರ್. ಗಂಡಸು ಹೆಂಗಸಿನ ಹಾಗೆ ಕಾಣಬೇಕು ಎನ್ನುವ ಆಸೆಯೇ ಇಲ್ಲಿಲ್ಲ. ಎರಡೂ ಒಟ್ಟಿಗೆ ಕಾಣಲಿ ಎನ್ನುವುದೇ ಆಟ. ತಂಡದಲ್ಲಿ ಹೆಂಗಸರೂ ಇದ್ದರು, ಎಳೆ ಮಕ್ಕಳೂ ಇದ್ದರು. ನನಗೆ ತುಂಬ ಇಷ್ಟವಾಗುವುದು ಇದು: ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ನೋಡಲು ಬಂದವರೂ ವೇಷ ಹಾಕಿಕೊಂಡೇ ಬರುತ್ತಿದ್ದರು.

ಮುಂದೆ ಡಿಸ್ಕೊ ತಾರೆಯಾದ ಸಿಲ್ವೆಸ್ಟರ್ ಬೆಳೆದದ್ದು ಇದೇ ವೇದಿಕೆಯಲ್ಲಿ. 1971ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಮಗಳ ಮದುವೆಯಾದ ದಿನವೇ ಆ ಮದುವೆಯನ್ನು ಅಣಕಿಸುವ ಇವರ ಸಿನಿಮಾ ತೆರೆ ಕಂಡಿತು. ಎಲ್ಲವೂ ಚೆಂದವಾಗಿತ್ತು ಎನ್ನಲಾರೆ. ‘ಪರ್ಲ್ಸ್ ಓವರ್ ಶಾಂಘೈ’ ನಾಟಕದಲ್ಲಿ ಬಿಳಿಯರು ಚೀನೀಯರ ವೇಷ ಕಟ್ಟಿ ನಗಿಸಿದ್ದು ಇವತ್ತು ನೋಡಿದರೆ ಮುಜುಗರವಾಗುತ್ತದೆ.

ಹೆಸರು ಬಂದ ಹಾಗೆ ದುಡ್ಡಿನ ಮಾತೂ ಬಂತು. ಟಿಕೆಟ್ ದುಡ್ಡಿನಲ್ಲಿ ತಮಗೂ ಪಾಲು ಬೇಕು ಎಂದು ಕೆಲವರು ಕೇಳಿದರು. ಅದು ತಪ್ಪಲ್ಲ. ಸರ್ಕಾರದ ಸಹಾಯಧನ, ಬಡವರಿಗೆ ಆಹಾರ ಕೊಳ್ಳಲು ಕೊಡುವ ಫುಡ್ ಸ್ಟಾಂಪ್ ನಂಬಿ ಎಷ್ಟು ದಿನ ಇರುತ್ತಾರೆ, ಅಲ್ವಾ? ಹೈಬಿಸ್ಕಸ್ ಮಾತ್ರ ಒಪ್ಪಲಿಲ್ಲ. ಬೇರೆಯಾಗಿ ಏಂಜಲ್ಸ್ ಆಫ್ ಲೈಟ್ ಕಟ್ಟಿ ಪುಕ್ಕಟೆ ನಾಟಕ ಆಡಿದ.

ಉಳಿದವರು 1971ರ ನವೆಂಬರ್‌ನಲ್ಲಿ ನ್ಯೂಯಾರ್ಕಿಗೆ ಹೋದರು. ಆಂಡರ್ಸನ್ ಥಿಯೇಟರಿನ ವೇದಿಕೆ ಪ್ಯಾಲೇಸ್‌ಗಿಂತ ತುಂಬ ದೊಡ್ಡದು. ಸೆಟ್ಟುಗಳನ್ನೆಲ್ಲ ಹೊಸದಾಗಿ ಕಟ್ಟಬೇಕಾಯಿತು, ರಿಹರ್ಸಲ್‌ಗೆ ಹೊತ್ತೇ ಸಿಗಲಿಲ್ಲ. ಮೊದಲ ದಿನ ಎದುರಿಗೆ ಕೂತಿದ್ದವರು ಊರಿನ ದೊಡ್ಡ ದೊಡ್ಡವರು. ಅರ್ಧಕ್ಕೇ ಎದ್ದು ಹೋದವರು ಬಹಳ. ಪ್ರತಿಭೆ ಇಲ್ಲ ಎನ್ನುವುದೊಂದೇ ಸಾಲದು ಎಂದು ಲೇಖಕ ಗೋರ್ ವಿಡಾಲ್ ಚುಚ್ಚಿದರಂತೆ, ಆ ಮಾತು ಇವತ್ತಿಗೂ ಓಡಾಡುತ್ತಿದೆ. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ಪ್ಯಾಲೇಸಿನಲ್ಲಿ ನೋಡುವವರೂ ಆಟದ ಪಾಲುದಾರರು. ಇಲ್ಲಿ ಅವರು ಸುಮ್ನೆ ಕೈಕಟ್ಟಿ ಕೂತು ಅಳೆದರು. 1972ರ ಹೊತ್ತಿಗೆ ತಂಡ ಮುಗಿಯಿತು.

ಹೈಬಿಸ್ಕಸ್ 1982ರ ಮೇನಲ್ಲಿ ತೀರಿಕೊಂಡ, 32ನೇ ವಯಸ್ಸಿಗೆ. ಅವನನ್ನು ಕೊಂದ ಕಾಯಿಲೆಗೆ ಆಗಿನ್ನೂ ಏಡ್ಸ್ ಎಂಬ ಹೆಸರೇ ಬಂದಿರಲಿಲ್ಲ. ಸಿಲ್ವೆಸ್ಟರ್ 1988ರಲ್ಲಿ ಅದಕ್ಕೇ ಬಲಿಯಾದ. ಸಾಕ್ಷ್ಯಚಿತ್ರದಲ್ಲಿ ಉಳಿದವರು ಕ್ಯಾಮೆರಾ ಮುಂದೆ ಕೂತು ನಗುನಗುತ್ತಾ ಹಳೆಯದನ್ನು ಹೇಳುತ್ತಾರೆ. ನಡುನಡುವೆ ಹಳೇ ರೀಲಿನ ಹುಡುಗರು ಕುಣಿಯುತ್ತಾರೆ. ಹೋದವರು ಯಾರು, ಉಳಿದವರು ಯಾರು ಎಂದು ನಾನು ಮುಖಗಳನ್ನು ಹುಡುಕುತ್ತಲೇ ಇದ್ದೆ.

ಪ್ಯಾಲೇಸ್ ಥಿಯೇಟರ್ ಈಗ ಇಲ್ಲ. 2013ರಲ್ಲಿ ಅದನ್ನು ಕೆಡವಿ, ಮೆಟ್ರೊ ಸುರಂಗ ಕೊರೆದ ಯಂತ್ರಗಳನ್ನು ಆ ಜಾಗದಿಂದ ಮೇಲೆತ್ತಿದರು.