ಹಂಚು ಕಾಯುವ ಹೊತ್ತಿನ ವ್ಯಾಯಾಮ

ಕಲಬುರಗಿಯ ನಮ್ಮ ಓಣಿಯಲ್ಲಿ ಮದುವೆ ಸೀಸನ್ ಬಂತೆಂದರೆ ಕಾಕಿಯ ಒಲೆ ಆರುವುದಿಲ್ಲ. ದಿನಕ್ಕೆ 200 ಜೋಳದ ರೊಟ್ಟಿ ಬಡಿಯುತ್ತಾಳೆ. ಕೈ ನೋಯುತ್ತದೆ ಎಂದು ಒಂದು ದಿನವೂ ಅಂದವಳಲ್ಲ. ದೂರೆಲ್ಲ ಕುತ್ತಿಗೆಯದು. "ಕುತ್ಗಿ ಹಿಡ್ಕೊಂಡದ ನೋಡ್ ತಮ್ಮಾ, ಬೆನ್ನಾಗ ಮೊಳಿ ಹೊಡ್ದಂಗ ಆಗ್ಲತ್ತದ."

ಬಡಿಯುವುದು ಕೈ, ನೋಯುವುದು ಕುತ್ತಿಗೆ. ಯಾಕೆ?

ನಮ್ಮ ತಲೆ ಹತ್ತಿರಹತ್ತಿರ 5 ಕೆ.ಜಿ. ತೂಗುತ್ತದೆ. ನೆಟ್ಟಗಿದ್ದಾಗ ಅದು ಕುತ್ತಿಗೆಯ 7 ಮೂಳೆಗಳ ಮೇಲೆ ತುಂಬಿದ ಕೊಡದ ಹಾಗೆ ಕೂತಿರುತ್ತದೆ. ಬಾಗಿದರೆ ಸನ್ನೆಗೋಲಿನ ಲೆಕ್ಕ ಶುರು: ತಲೆ ಮುಂದೆ ಬೀಳದಂತೆ ಹಿಂಬದಿಯ ಸ್ನಾಯುಗಳು ಹಗ್ಗ ಜಗ್ಗಿದಂತೆ ಜಗ್ಗಿ ಹಿಡಿಯಬೇಕು. 60 ಡಿಗ್ರಿ ಬಾಗಿದರೆ 27 ಕೆ.ಜಿ. ಹೊರೆ ಎಂಬ ಅಂಕಿ 2014ರಿಂದ ಸುತ್ತಾಡುತ್ತಿದೆ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಯಾರ ಕುತ್ತಿಗೆಗೂ ತಕ್ಕಡಿ ಕಟ್ಟಿ ತೂಗಿದ್ದಲ್ಲ. ಹೊರೆಗಿಂತ ಹೊತ್ತಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಬಿಗಿದೇ ಇರುವ ಸ್ನಾಯುವಿನೊಳಗೆ ರಕ್ತ ಸರಾಗ ಓಡಾಡದು. ರೊಟ್ಟಿ ಬಡಿಯುವ ಕೈ ಬಿಗಿಯುತ್ತ ಸಡಿಲುತ್ತ ಇರುತ್ತದೆ. ಕುತ್ತಿಗೆಗೆ ಆ ಬಿಡುವಿಲ್ಲ.

ಕಾಕಿಯ ಮಗ ಮಸಾಜ್ ಗನ್ ತರಿಸಿಕೊಟ್ಟ. ಗುರ್ರೆಂದು ನಡುಗಿ ತುಸು ಹೊತ್ತು ಹಾಯೆನಿಸುತ್ತದೆ, ನಿಜ. ಆದರೆ ಅಲ್ಲಿ ದುಡಿಯುವುದು ಮೋಟಾರು; ಸ್ನಾಯುವಿಗೆ ಬಲ ಬರುವುದಿಲ್ಲ.

ವ್ಯಾಯಾಮಕ್ಕೆ ಬಳಸುವ ರಬ್ಬರ್ ಪಟ್ಟಿಯ ರೀತಿ ಬೇರೆ. ಡಂಬೆಲ್ ಕೆಳಕ್ಕೆ ಮಾತ್ರ ಎಳೆಯುತ್ತದೆ, ರಬ್ಬರ್ ನೀವು ಯಾವ ಕಡೆ ಎಳೆದರೂ ಎದುರು ಎಳೆಯುತ್ತದೆ, ಹಿಗ್ಗಿದಷ್ಟೂ ಜೋರಾಗಿ. ಹೀಗಾಗಿ ಕೂತಲ್ಲೇ ಎದೆಮಟ್ಟದಲ್ಲಿ ಹಿಡಿದು ಎರಡೂ ಕಡೆ ಜಗ್ಗಿದರೆ ಬೆನ್ನಿನ ಹಲಗೆ ಮೂಳೆಗಳು ಹತ್ತಿರ ಬರುತ್ತವೆ. ಕಾಕಿಯ 'ಮೊಳಿ' ಇರುವ ಜಾಗದ ಸ್ನಾಯುಗಳೇ ಆಗ ದುಡಿಯುತ್ತವೆ. ಭುಜ ಕಿವಿಯತ್ತ ಏರಬಾರದು, ಬಿಡುವಾಗ ನಿಧಾನ ಬೇಕು.

ಡೆನ್ಮಾರ್ಕಿನಲ್ಲಿ ಕುತ್ತಿಗೆ, ಭುಜ ನೋಯುತ್ತಿದ್ದ 198 ಕಚೇರಿ ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ 2 ನಿಮಿಷ, ಇನ್ನೊಂದು 12 ನಿಮಿಷ ರಬ್ಬರ್ ಕೊಳವೆ ಎಳೆಯಬೇಕು: ಕೊಳವೆಯನ್ನು ಪಾದದಡಿ ಮೆಟ್ಟಿ, ಕೈಗಳನ್ನು ಪಕ್ಕಕ್ಕೆ ಭುಜದೆತ್ತರಕ್ಕೆ ಎತ್ತುವುದು. ವಾರಕ್ಕೆ ಐದು ದಿನ, 10 ವಾರ. ಮೂರನೆಯ ಗುಂಪಿಗೆ ಈ ವ್ಯಾಯಾಮವಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೊಳವೆ ಎಳೆದ ಎರಡೂ ಗುಂಪಿನ ನೋವು ಇಳಿದಿತ್ತು. 12 ನಿಮಿಷದವರಿಗೆ ಆರು ಪಟ್ಟು ಲಾಭವೇನೂ ಆಗಿರಲಿಲ್ಲ. ಅವರು ಕುರ್ಚಿಯಲ್ಲಿ ಕೂರುವವರು, ಒಲೆ ಮುಂದೆ ಕೂರುವವರಲ್ಲ ಎಂಬುದೂ ನೆನಪಿರಲಿ.

ಪಟ್ಟಿಗೆ ದುಡ್ಡು ಯಾಕೆಂದು ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು, ವಾಲ್ವ್ ಇದ್ದ ಭಾಗ ಕತ್ತರಿಸಿ, ತೊಳೆದು ಕೊಟ್ಟೆ. ಬಿರುಕಿದ್ದರೆ ಎಸೆಯಬೇಕು, ಕಡಿದು ಮುಖಕ್ಕೆ ಬಡಿದೀತು. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲಾಗುವುದು, ನಡಿಗೆ ತೊಡರುವುದು, ಬಿದ್ದ ಮೇಲೆ ಶುರುವಾದ ನೋವು, ಇವಕ್ಕೆ ಟ್ಯೂಬು ಮದ್ದಲ್ಲ, ಡಾಕ್ಟರು ನೋಡಬೇಕು.

ಈಗ ಟ್ಯೂಬು ಒಲೆ ಪಕ್ಕದ ಗೂಟಕ್ಕೆ ನೇತಾಡುತ್ತಿದೆ. ಯಾವಾಗ ಮಾಡ್ತಿ ಕಾಕಿ ಎಂದರೆ, "ಹಂಚು ಕಾಯೋತನಕ ಸುಮ್ನ ಕುಂಡ್ರೂದೇ ಇತ್ತಲ್ಲ" ಅಂದಳು.