ಮಿಕ್ಸಿ ವಿಮಾನ ಹತ್ತುವ ಮುನ್ನ

ಆಷಾಢ ಕಳೆಯುತ್ತಿದ್ದಂತೆ ನಮ್ಮ ರಿಪೇರಿ ಅಂಗಡಿಗೆ ಕೆಡದ ಮಿಕ್ಸಿಗಳು ಬರತೊಡಗುತ್ತವೆ. “ಮಗಳು ಓದಲು ಅಮೆರಿಕಕ್ಕೆ ಹೊರಟಿದ್ದಾಳೆ, ಅಲ್ಲಿನ ಪ್ಲಗ್ ಹಾಕಿಕೊಡಿ” ಎಂದು ಹೊಸ ಡಬ್ಬವನ್ನೇ ತಂದು ಮೇಜಿನ ಮೇಲಿಡುತ್ತಾರೆ. ಪ್ಲಗ್ ಹಾಕುವುದು ಐದು ನಿಮಿಷದ ಕೆಲಸ. ಆದರೆ ನಾನು ಅದಕ್ಕೆ ಕೈ ಹಚ್ಚುವ ಮೊದಲು ಮಿಕ್ಸಿಯನ್ನು ಕವುಚಿ, ತಳದಲ್ಲಿ ಅಂಟಿಸಿರುವ ಚೀಟಿಯನ್ನು ಅವರಿಂದಲೇ ಓದಿಸುತ್ತೇನೆ: 230 ವೋಲ್ಟ್, 50 ಹರ್ಟ್ಜ್, 750 ವಾಟ್. ಹರ್ಟ್ಜ್ ಎಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಬಾರಿ ಹಿಂದೆಮುಂದೆ ಹರಿಯುತ್ತದೆ ಎಂಬ ಎಣಿಕೆ.

ಅಮೆರಿಕ ಮತ್ತು ಕೆನಡಾದ ಗೋಡೆಯ ಸಾಕೆಟ್‌ನಲ್ಲಿ ಸಿಗುವುದು 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್ ಮಾತ್ರ. ಅದರಲ್ಲೂ ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ, ಸಿಂಗಪುರ, ದುಬೈಗೆ ಹೋಗುವವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲೆಲ್ಲ ನಮ್ಮ ಹಾಗೆಯೇ 230ರ ಆಸುಪಾಸು, 50 ಹರ್ಟ್ಜ್. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100–240 ಎಂದು ಬರೆದಿದ್ದರೆ ಯಾವ ದೇಶಕ್ಕಾದರೂ ಒಯ್ಯಿರಿ, ಅಡಾಪ್ಟರ್ ಒಂದಿದ್ದರೆ ಸಾಕು. ಆದರೆ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ. ವೋಲ್ಟೇಜ್ ಬಂದ ಹಾಗೆಯೇ ಒಳಗೆ ಹೋಗುತ್ತದೆ.

ಕಾಯುವ ಸಾಮಾನುಗಳ ಲೆಕ್ಕ ಸರಳ. ವೋಲ್ಟೇಜ್ ಅರ್ಧವಾದರೆ ಶಾಖ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿ 1000 ವಾಟ್ ಕೊಡುವ ಇಸ್ತ್ರಿಪೆಟ್ಟಿಗೆ ಅಮೆರಿಕದಲ್ಲಿ 270 ವಾಟ್ ಕೊಟ್ಟೀತು. ಕರವಸ್ತ್ರದ ಸುಕ್ಕೂ ಹೋಗದು. ರೈಸ್ ಕುಕ್ಕರ್‌ನಲ್ಲಿ ಅಕ್ಕಿ ನೆನೆಯುತ್ತದೆಯೇ ಹೊರತು ಬೇಯುವುದಿಲ್ಲ. ಇಸ್ತ್ರಿ, ಕೆಟಲ್, ಇಂಡಕ್ಷನ್ ಒಲೆ ಯಾವುದನ್ನೂ ಅಮೆರಿಕಕ್ಕೆ ಒಯ್ಯಬೇಡಿ, ಅಲ್ಲಿಯೇ ಕೊಳ್ಳಿ. ನೀರು ಕಾಯಿಸುವ ಕಾಯಿಲನ್ನಂತೂ ಯಾವ ದೇಶದ ಹಾಸ್ಟೆಲಿಗೂ ಬೇಡ.

ಮಿಕ್ಸಿ ಸ್ವಲ್ಪ ಬೇರೆ. ಅದರೊಳಗಿನ ಕಾರ್ಬನ್ ಬ್ರಷ್ ಮೋಟರಿಗೆ ಹರ್ಟ್ಜ್ ಹೆಚ್ಚಾದರೆ ತೊಂದರೆಯಿಲ್ಲ, ವೋಲ್ಟೇಜ್ ಮಾತ್ರ ಸರಿಯಾಗಿ ಬೇಕು. 120 ವೋಲ್ಟಿಗೆ ನೇರವಾಗಿ ಹಾಕಿದರೆ ಖಾಲಿ ಜಾರ್ ತಿರುಗುತ್ತದೆ. ನೆನೆಸಿದ ಉದ್ದಿನಬೇಳೆ ಹಾಕಿದೊಡನೆ ಮುಕ್ಕರಿದು ನಿಲ್ಲುತ್ತದೆ. ಮೋಟರ್ ನಿಂತಾಗ ಅದನ್ನು ತಂಪು ಮಾಡುವ ಫ್ಯಾನ್ ಕೂಡ ನಿಂತಿರುತ್ತದೆ. ಕಾಯಿಲ್ ಸುಡುವುದು ಆಗಲೇ. ಆದ್ದರಿಂದ 120ನ್ನು 230ಕ್ಕೆ ಏರಿಸುವ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಮಿಕ್ಸಿಯ ವಾಟಿನ ಎರಡು ಪಟ್ಟಾದರೂ ಇರಬೇಕು. 750 ವಾಟಿನ ಮಿಕ್ಸಿಗೆ 1500ಕ್ಕಿಂತ ಕಡಿಮೆಯದನ್ನು ನಾನು ಹೇಳುವುದಿಲ್ಲ. ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಚೀಟಿಯಲ್ಲಿ ಬರೆದದ್ದಕ್ಕಿಂತ ಬಹಳ ಹೆಚ್ಚು. ಇಲ್ಲಿ ಮೂರು ಆಂಪಿಯರ್ ಚಿಲ್ಲರೆ ತೆಗೆದುಕೊಳ್ಳುವ ಮಿಕ್ಸಿ ಅಲ್ಲಿನ ಸಾಕೆಟ್‌ನಿಂದ ಆರಕ್ಕೂ ಹೆಚ್ಚು ಎಳೆಯುತ್ತದೆ. ಅದೇ 15 ಆಂಪಿಯರ್ ಲೈನಿನಲ್ಲಿ ಮೈಕ್ರೋವೇವ್ ಓಡುತ್ತಿದ್ದರೆ ಬ್ರೇಕರ್ ಬಿದ್ದು ಕರೆಂಟ್ ಕಡಿದುಹೋಗುತ್ತದೆ.

ನಿಜವಾದ ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣ, ತಾಮ್ರ ತುಂಬಿರುತ್ತವೆ, ಹಲವು ಕಿಲೋ ತೂಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಹಗುರವಾದ, ಮೇಲೆ ‘2000 ವಾಟ್’ ಎಂದು ಬರೆದ ಟ್ರಾವೆಲ್ ಕನ್ವರ್ಟರ್ ಕಂಡರೆ ಮುಟ್ಟಬೇಡಿ. ಅದು 230ನ್ನು ತುಂಡರಿಸಿ ಇಳಿಸುವ ಎಲೆಕ್ಟ್ರಾನಿಕ್ ಡಬ್ಬಿ, ಯುರೋಪಿಗೆ ಹೋಗುವ ಅಮೆರಿಕನ್ನರ ಹೇರ್ ಡ್ರೈಯರ್‌ಗಾಗಿ ಮಾಡಿದ್ದು. ನಮಗೆ ಬೇಕಾದದ್ದು ಏರಿಸುವ ಕೆಲಸ.

ಗ್ರೈಂಡರಿನ ವಿಷಯದಲ್ಲಿ ಟ್ರಾನ್ಸ್‌ಫಾರ್ಮರಿಗೂ ಸೋಲು. ಅದರ ಇಂಡಕ್ಷನ್ ಮೋಟರಿನ ವೇಗ ನಿಂತಿರುವುದೇ ಹರ್ಟ್ಜ್ ಮೇಲೆ, ಮತ್ತು ಟ್ರಾನ್ಸ್‌ಫಾರ್ಮರ್ ಹರ್ಟ್ಜ್ ಬದಲಿಸುವುದಿಲ್ಲ. 50ಕ್ಕೆಂದು ಕಟ್ಟಿದ ಮೋಟರ್ 60ರಲ್ಲಿ ಸುಮಾರು ಶೇಕಡಾ 20ರಷ್ಟು ಜೋರಾಗಿ ತಿರುಗುತ್ತದೆ. ಹಿಟ್ಟು ಅಂಚಿಗೆ ಎರಚುತ್ತದೆ, ಬಿಸಿಯಾಗುತ್ತದೆ. ಬಿಸಿಯಾದ ಹಿಟ್ಟಿನ ಇಡ್ಲಿ ಹೇಗಿರುತ್ತದೆ ಎಂದು ಮನೆಯವರನ್ನು ಕೇಳಿ. ಕೊಯಮತ್ತೂರಿನವರೇ 110 ವೋಲ್ಟ್, 60 ಹರ್ಟ್ಜ್‌ಗೆಂದು ಮಾಡುವ ಗ್ರೈಂಡರ್‌ಗಳಿವೆ, ಮಿಕ್ಸಿಗಳೂ ಹಾಗೆಯೇ ಸಿಗುತ್ತವೆ. ಇನ್ನೂ ಕೊಂಡಿಲ್ಲದವರು ಅವನ್ನೇ ಕೊಳ್ಳಲಿ.

ಈಗ ಒಂದು ಅತಿಬುದ್ಧಿಯ ಬಗ್ಗೆ. ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ 240 ವೋಲ್ಟಿನ ಸಾಕೆಟ್ ಇರುತ್ತದೆ. “ನಮ್ಮ 230ಕ್ಕೆ ಅದು ಹೊಂದುತ್ತದಲ್ಲ, ಅಲ್ಲಿಂದಲೇ ವೈರ್ ಎಳೆದರೆ ಹೇಗೆ?” ಎಂದು ಎಂಜಿನಿಯರ್‌ಗಳೇ ಫೋನ್ ಮಾಡಿ ಕೇಳುತ್ತಾರೆ. ನಮ್ಮಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್. ಮಿಕ್ಸಿಯ ಸ್ವಿಚ್ ಕತ್ತರಿಸುವುದು ಒಂದನ್ನು ಮಾತ್ರ. ಅಲ್ಲಿನ 240 ಸಿಗುವುದು ಎರಡು ಜೀವಂತ ತಂತಿಗಳ ನಡುವೆ, ನೆಲಕ್ಕೆ ಹೋಲಿಸಿದರೆ ಒಂದೊಂದರಲ್ಲೂ 120. ನೀವು ಸ್ವಿಚ್ ಆರಿಸಿ ಜಾರಿಗೆ ಕೈ ಹಾಕಿದಾಗಲೂ ಇನ್ನೊಂದು ತಂತಿಯ ಕರೆಂಟ್ ಮೋಟರಿನೊಳಗೆ ಕುಳಿತಿರುತ್ತದೆ. ಮೇಲಾಗಿ ಆ ಲೈನಿನ ಬ್ರೇಕರ್ ಸಾಮಾನ್ಯವಾಗಿ 30 ಆಂಪಿಯರ್‌ನದು. ಮಿಕ್ಸಿಯ ತೆಳು ವೈರ್ ಕರಗುವವರೆಗೂ ಅದು ಬೀಳದಿರಬಹುದು.

230 ವೋಲ್ಟಿನ ದೇಶಗಳಿಗೆ ಹೋದವರು ಎಡವುವುದು ಅರ್ಥಿಂಗ್‌ನಲ್ಲಿ. ಬ್ರಿಟನ್, ದುಬೈಗಳ ಸಾಕೆಟ್‌ನಲ್ಲಿ ಕರೆಂಟಿನ ರಂಧ್ರಗಳಿಗೆ ಮುಚ್ಚಳವಿರುತ್ತದೆ, ಉದ್ದನೆಯ ಅರ್ಥ್ ಪಿನ್ ಒಳಹೊಕ್ಕಾಗಲೇ ಅದು ಸರಿಯುವುದು. ನಮ್ಮವರು ಆ ಮೇಲಿನ ರಂಧ್ರಕ್ಕೆ ಪೆನ್ನು ತೂರಿಸಿ, ಮುಚ್ಚಳ ಸರಿಸಿ, ಎರಡು ಪಿನ್ನನ್ನು ಒತ್ತುತ್ತಾರೆ. ಪಿನ್ ಸಡಿಲವಾಗಿ ಕೂರುತ್ತದೆ, ಕಿಡಿ ಹಾರುತ್ತದೆ, ಅಲ್ಲಿನ ಪ್ಲಗ್ಗಿನೊಳಗಿರುವ ಫ್ಯೂಸ್‌ನ ರಕ್ಷಣೆಯೂ ಇಲ್ಲ. ಜರ್ಮನಿಯಲ್ಲಿ ಅರ್ಥ್ ಸಿಗುವುದು ಸಾಕೆಟ್‌ನ ಅಂಚಿನ ತಗಡಿನ ಕ್ಲಿಪ್‌ಗಳಲ್ಲಿ. ಮೂರನೇ ರಂಧ್ರವೇ ಇಲ್ಲ. ಅಗ್ಗದ ಯೂನಿವರ್ಸಲ್ ಅಡಾಪ್ಟರ್‌ನಲ್ಲಿ ನಮ್ಮ ಮೂರನೇ ಪಿನ್ನಿಗೆ ತೂತು ಮಾತ್ರ ಇದ್ದು, ಹಿಂದೆ ಯಾವ ಸಂಪರ್ಕವೂ ಇರದೆ ಹೋಗಬಹುದು. ಸ್ಟೀಲ್ ಮೈಯ ಗ್ರೈಂಡರನ್ನು ಹಾಗೆ ಓಡಿಸಬೇಡಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಆ ದೇಶದ ಪ್ಲಗ್ ಹಾಕಿಸುವುದೇ ಮೇಲು. ಅಮೆರಿಕದಲ್ಲಿ ಸ್ವಂತ ಕೈಯಿಂದ ಹಾಕುವವರಿಗೆ ಒಂದು ಎಚ್ಚರಿಕೆ: ನಮ್ಮ ಹಳೆಯ ಕಾರ್ಡ್‌ಗಳಲ್ಲಿ ಕಪ್ಪು ವೈರ್ ನ್ಯೂಟ್ರಲ್, ಅಲ್ಲಿ ಕಪ್ಪೇ ಕರೆಂಟ್, ನ್ಯೂಟ್ರಲ್ ಬಿಳಿ.

ಅಮೆರಿಕದ ಅಡುಗೆಮನೆಯ ಸಾಕೆಟ್‌ಗಳಲ್ಲಿ ಎರಡು ಪುಟ್ಟ ಗುಂಡಿಗಳಿರುತ್ತವೆ. 5 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ಸಾಕೆಟ್ ತಾನಾಗಿ ಆರುತ್ತದೆ. ನಿಮ್ಮ ಮಿಕ್ಸಿ ಹಾಕಿದಾಗ ಹಾಗಾದರೆ ಮೊದಲು ಮಿಕ್ಸಿಯನ್ನೇ ಅನುಮಾನಿಸಿ. ಊರಿನಲ್ಲೂ ಅದು ಸೋರುತ್ತಿತ್ತು, ಹೇಳುವವರಿರಲಿಲ್ಲ. ಹಾಲ್‌ನ ಸಾಕೆಟ್‌ಗೆ ಒಯ್ದು ಓಡಿಸಿದರೆ ಸೋರಿಕೆ ನಿಲ್ಲುವುದಿಲ್ಲ.

ಅಮೆರಿಕದಿಂದ ವಾಪಸು ಬರುವವರಿಗೆ ಲೆಕ್ಕ ತಿರುವುಮುರುವು. ಅಲ್ಲಿನ 1500 ವಾಟಿನ ಹೇರ್ ಡ್ರೈಯರ್ ನಮ್ಮ ಸಾಕೆಟ್‌ನಲ್ಲಿ 5500 ವಾಟ್ ಎಳೆಯಲು ಹೋಗುತ್ತದೆ, ಕ್ಷಣಗಳಲ್ಲಿ ಸುರುಳಿ ತುಂಡಾಗುತ್ತದೆ. ಅಂಥದ್ದನ್ನು ನಾನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಇಲ್ಲಿ ಸುರುಳಿ ಸಿಗುವುದಿಲ್ಲ.