ವೈತಂಗಿಯಲ್ಲಿ ಮಾವೋರಿಗಳು ನಿಜಕ್ಕೂ ಏನಕ್ಕೆ ಸಹಿ ಹಾಕಿದರು?

ಪ್ರಶ್ನೆ: ಫೆಬ್ರುವರಿ 6 ನ್ಯೂಜಿಲೆಂಡ್‌ನಲ್ಲಿ ರಾಷ್ಟ್ರೀಯ ರಜೆ, ವೈತಂಗಿ ಅನ್ನುವ ಜಾಗದಲ್ಲಿ ಬ್ರಿಟಿಷರಿಗೂ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳಿಗೂ ಒಪ್ಪಂದ ಆದ ದಿನ. ಹಾಗಿದ್ದರೆ ಅದೇ ದಿನ ಪ್ರತಿಭಟನೆ ಯಾಕೆ? ಮಾವೋರಿಗಳೇ ಸಹಿ ಹಾಕಿದ್ದರಲ್ವಾ?

ಹಾಕಿದ್ದರು. ಯಾವುದಕ್ಕೆ ಅನ್ನುವುದೇ ತಕರಾರು. ಒಪ್ಪಂದಕ್ಕೆ ಇಂಗ್ಲಿಷ್‌ನಲ್ಲೊಂದು ಪ್ರತಿ, ಮಾವೋರಿಯಲ್ಲೊಂದು ಪ್ರತಿ ಇದೆ. ಎರಡೂ ಹೇಳುವ ಮಾತು ಒಂದೇ ಅಲ್ಲ.

1840ರ ಫೆಬ್ರುವರಿ 4ರಂದು ಬ್ರಿಟಿಷ್ ಅಧಿಕಾರಿ ವಿಲಿಯಂ ಹಾಬ್ಸನ್ ಇಂಗ್ಲಿಷ್ ಕರಡನ್ನು ಹೆನ್ರಿ ವಿಲಿಯಮ್ಸ್ ಅನ್ನುವ ಪಾದ್ರಿಯ ಕೈಗಿಟ್ಟ. ಬೆಳಗಾಗುವಷ್ಟರಲ್ಲಿ ಅನುವಾದ ಬೇಕು. ಅಪ್ಪ, ಮಗ ಇಬ್ಬರೂ ಕೂತು ರಾತ್ರೋರಾತ್ರಿ ಮುಗಿಸಿದರು. ಒಂದು ದೇಶದ ಹಣೆಬರಹ ಒಂದೇ ರಾತ್ರಿಯಲ್ಲಿ!

ಇಂಗ್ಲಿಷ್ ಪ್ರತಿಯ ಮೊದಲ ಕಲಮಿನಲ್ಲಿ ಮಾವೋರಿ ಮುಖಂಡರು ಬ್ರಿಟನ್ನಿನ ರಾಣಿಗೆ ಬಿಟ್ಟುಕೊಡುವುದು ಸಾರ್ವಭೌಮತ್ವ, ಅಂದರೆ ಪೂರ್ತಿ ಒಡೆತನದ ಅಧಿಕಾರ. ಮಾವೋರಿ ಪ್ರತಿಯಲ್ಲಿ ಆ ಜಾಗದಲ್ಲಿರುವುದು 'ಕಾವನತಂಗ' ಅನ್ನುವ ಪದ. ಇದು ಹಳೆಯ ಮಾವೋರಿ ಪದವೇ ಅಲ್ಲ. ಲ್ಯಾಂಟರ್ನ್ ನಮ್ಮ ಬಾಯಲ್ಲಿ ಲಾಟೀನು ಆದ ಹಾಗೆ ಗವರ್ನರ್ ಅವರ ಬಾಯಲ್ಲಿ 'ಕಾವನ' ಆಗಿತ್ತು, ಅದಕ್ಕೆ ಬಾಲ ಸೇರಿಸಿ 'ಗವರ್ನರ್‌ಗಿರಿ' ಅಂತ ಮಾಡಿಕೊಂಡಿದ್ದರು. ಮಾವೋರಿ ಬೈಬಲ್ ಓದಿದವರಿಗೆ ಕಾವನ ಅಂದರೆ ಪೊಂಟಿಯಸ್ ಪಿಲಾತ, ಅಂದರೆ ಮೇಲಿನವರ ಪರವಾಗಿ ಆಡಳಿತ ನೋಡಿಕೊಳ್ಳುವವನು.

ಎರಡನೇ ಕಲಮು ಇನ್ನೂ ಮಜಾ. ಅಲ್ಲಿ ಮಾವೋರಿ ಪ್ರತಿ ನೆಲ, ಊರು, ಬೆಲೆಬಾಳುವ ಎಲ್ಲದರ ಮೇಲೂ 'ತಿನೊ ರಂಗತಿರತಂಗ' ನಿಮಗೇ ಇರುತ್ತದೆ ಅನ್ನುತ್ತದೆ. ರಂಗತಿರ ಅಂದರೆ ಕುಲದ ಮುಖಂಡ, ಹಾಗಾಗಿ ಇದು ಮುಖಂಡನ ಪೂರ್ತಿ ಯಜಮಾನಿಕೆ. ಇಂಗ್ಲಿಷ್‌ನಲ್ಲಿ ಇರುವುದು ಬರೀ ಆಸ್ತಿಯ ಸ್ವಾಧೀನ. ಈಗ ಕೇಳುತ್ತಾ ಕೂತ ಮುಖಂಡನ ಜಾಗದಲ್ಲಿ ನೀವಿದ್ದೀರಿ ಅಂದುಕೊಳ್ಳಿ: ಒಬ್ಬ ಗವರ್ನರ್ ಬರುತ್ತಾನೆ, ಪುಂಡಾಟ ಮಾಡುವ ಬಿಳಿಯರನ್ನು ಹದ್ದುಬಸ್ತಿನಲ್ಲಿ ಇಡುತ್ತಾನೆ, ನಿಮ್ಮ ಯಜಮಾನಿಕೆ ನಿಮಗೇ. ಯಾರು ಬೇಡ ಅಂತಾರೆ?

ಆದರೂ 5ನೇ ತಾರೀಖು ದಿನವಿಡೀ ವಾದ ನಡೆಯಿತು. ಬೇಡ, ವಾಪಸ್ ಹೋಗು ಅಂದವರೂ ಇದ್ದರು. ಮರುದಿನ ಸಭೆ ಅಂತ ಹಾಬ್ಸನ್‌ಗೆ ಗೊತ್ತೇ ಇರಲಿಲ್ಲ, ಮಾಮೂಲಿ ಬಟ್ಟೆಯಲ್ಲೇ ಬಂದ, ಅಧಿಕಾರದ ಟೋಪಿ ಮಾತ್ರ ತಲೆಮೇಲಿತ್ತು. ಇವರಿಗೆ ಇದೆಲ್ಲ ಅರ್ಥವಾಗಿದೆಯಾ ಅಂತ ಮುದ್ರಕ ವಿಲಿಯಂ ಕೊಲೆನ್ಸೊ ಅಲ್ಲೇ ಕೇಳಿದ. ಕೇಳಿ ಏನೂ ಪ್ರಯೋಜನವಾಗಲಿಲ್ಲ. ಆ ದಿನ 40ಕ್ಕೂ ಹೆಚ್ಚು ಮುಖಂಡರು, ವರ್ಷ ಮುಗಿಯುವಷ್ಟರಲ್ಲಿ ಬೇರೆ ಬೇರೆ ಊರುಗಳಲ್ಲಿ 500ಕ್ಕೂ ಹೆಚ್ಚು ಜನ ಸಹಿ ಇಲ್ಲವೇ ಗುರುತು ಹಾಕಿದರು. ಅವರಲ್ಲಿ ಇಂಗ್ಲಿಷ್ ಪ್ರತಿಗೆ ಹಾಕಿದವರು 39 ಜನ ಅಷ್ಟೇ. ಮುಂದೆ ಸರ್ಕಾರ ಜಾಸ್ತಿ ಹಿಡಿದುಕೊಂಡದ್ದು ಮಾತ್ರ ಇಂಗ್ಲಿಷ್ ಪ್ರತಿಯನ್ನೇ.

ಕೈಟಾಯ ಕಡೆಯ ಮುಖಂಡ ನೊಪೆರ ಪನಕರೆಯಾವೊ, ನೆಲದ ನೆರಳು ಮಾತ್ರ ರಾಣಿಗೆ ಹೋಯಿತು, ನೆಲ ನಮ್ಮಲ್ಲೇ ಉಳಿಯಿತು ಅಂದಿದ್ದ. ವರ್ಷ ಕಳೆಯುವಷ್ಟರಲ್ಲಿ ಅದೇ ಮಾತನ್ನು ತಿರುಗಿಸಿ ಹೇಳಿದ: ನೆಲ ಹೋಯಿತು, ನಮಗುಳಿದದ್ದು ನೆರಳು. ವೈತಂಗಿಯಲ್ಲಿ ಮೊದಲ ಸಹಿ ಹಾಕಿದ ಹೋನೆ ಹೆಕೆ 1844–45ರಲ್ಲಿ ಬ್ರಿಟಿಷ್ ಬಾವುಟದ ಕಂಬವನ್ನು ಒಂದಲ್ಲ ಎರಡಲ್ಲ, ನಾಲ್ಕು ಸಲ ಉರುಳಿಸಿದ, ಅವನೂ ಅವನ ಜನರೂ. 1860ರ ದಶಕದ ಯುದ್ಧಗಳಲ್ಲಿ ಮಾವೋರಿಗಳ ಭಾರೀ ಪ್ರಮಾಣದ ಜಮೀನು ಮುಟ್ಟುಗೋಲಾಯಿತು. 1877ರಲ್ಲಂತೂ ನ್ಯಾಯಾಧೀಶ ಪ್ರೆಂಡರ್‌ಗಾಸ್ಟ್ ಈ ಒಪ್ಪಂದಕ್ಕೆ ಬೆಲೆಯೇ ಇಲ್ಲ ಅಂದುಬಿಟ್ಟ. ಮೂಲ ಹಾಳೆಗಳು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಇಲಿಗಳ ಪಾಲಾಗಿ, 1908ರಲ್ಲಿ ಮತ್ತೆ ಕಣ್ಣಿಗೆ ಬಿದ್ದವು.

ದೂರು ಕೇಳಲು ವೈತಂಗಿ ನ್ಯಾಯಮಂಡಳಿ ಬಂದದ್ದು 1975ರಲ್ಲಿ. ವೈತಂಗಿ ಇರುವ ಬೇ ಆಫ್ ಐಲೆಂಡ್ಸ್ ಮತ್ತು ಹತ್ತಿರದ ಹೊಕಿಯಾಂಗದಲ್ಲಿ ಸಹಿ ಹಾಕಿದ ಮುಖಂಡರು ಸಾರ್ವಭೌಮತ್ವ ಬಿಟ್ಟುಕೊಟ್ಟಿರಲಿಲ್ಲ ಅಂತ ಅದು 2014ರಲ್ಲಿ ಹೇಳಿತು. ಸರ್ಕಾರ ಆ ಮಾತನ್ನು ಒಪ್ಪಿಲ್ಲ. ಒಪ್ಪಂದದ ತತ್ವಗಳನ್ನು ಹೊಸದಾಗಿ ಬರೆಯುವ ಮಸೂದೆಯೊಂದು 2024ರಲ್ಲಿ ಸಂಸತ್ತಿಗೆ ಬಂದಾಗ ಸಾವಿರಾರು ಜನ ರಾಜಧಾನಿ ವೆಲ್ಲಿಂಗ್ಟನ್‌ಗೆ ನಡೆದು ಬಂದರು. 2025ರ ಏಪ್ರಿಲ್‌ನಲ್ಲಿ ಅದು 112–11 ಮತಗಳಿಂದ ಬಿದ್ದುಹೋಯಿತು.